ಕಣ್ಣು ಕುಟಿಕೆ ಮತ್ತೆ ಮತ್ತೆ ಏಳುವುದೇಕೆ, ತಡೆಯುವುದು ಹೇಗೆ?

ಪ್ರಶ್ನೆ: ನನಗೆ 29 ವರ್ಷ. ಒಂದೂವರೆ ವರ್ಷದಲ್ಲಿ ಐದು ಸಲ ಕಣ್ಣು ಕುಟಿಕೆ ಎದ್ದಿದೆ. ಮೂರು ಸಲ ಬಲಗಣ್ಣಿಗೆ, ಎರಡು ಸಲ ಎಡಗಣ್ಣಿಗೆ. ಪ್ರತಿ ಸಲವೂ ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚುತ್ತೇನೆ, ವಾರದಲ್ಲಿ ಇಳಿಯುತ್ತದೆ. ಕೊನೆಯ ಸಲ ಮಾತ್ರ ನೋವು ಹೋದರೂ ಬಲಗಣ್ಣಿನ ಮೇಲ್ರೆಪ್ಪೆಯಲ್ಲಿ ತೊಗರಿಕಾಳಿನಷ್ಟು ಗಂಟು ಎರಡು ತಿಂಗಳಿಂದ ಹಾಗೇ ಉಳಿದಿದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ. ಕಾಡಿಗೆ ಹಚ್ಚುವ ಅಭ್ಯಾಸವಿದೆ, ತಲೆಹೊಟ್ಟೂ ಇದೆ. ಅಮ್ಮ ‘ಮೈಗೆ ಉಷ್ಣ ಆಗಿದೆ, ತಂಪು ಮಾಡು’ ಅನ್ನುತ್ತಾರೆ. ಸಕ್ಕರೆ ಕಾಯಿಲೆ ಇರಬಹುದು ಎಂದು ಒಬ್ಬರು, ಕನ್ನಡಕ ಬೇಕಿರಬಹುದು ಎಂದು ಇನ್ನೊಬ್ಬರು ಹೇಳಿದರು. ನಿಜವಾದ ಕಾರಣವೇನು? ಮತ್ತೆ ಬಾರದಂತೆ ಏನು ಮಾಡಬೇಕು?

ಉತ್ತರ: ಐದು ಕುಟಿಕೆಗಳನ್ನು ನೀವು ಐದು ಸಲದ ಸೋಂಕು ಎಂದು ಎಣಿಸುತ್ತಿದ್ದೀರಿ. ಕಣ್ಣಿನ ವೈದ್ಯರ ಲೆಕ್ಕದಲ್ಲಿ ಅದು ಒಂದೇ ಕಾಯಿಲೆ. ರೆಪ್ಪೆಯ ಅಂಚು ಒಂದೂವರೆ ವರ್ಷದಿಂದ ಸರಿಯಿಲ್ಲ, ಐದು ಸಲ ಅದು ಕನ್ನಡಿಯಲ್ಲಿ ಕಾಣುವಷ್ಟು ಊದಿಕೊಂಡಿತು, ಅಷ್ಟೇ. ಮುಲಾಮು ಕೆಲಸ ಮಾಡುವುದು ಎದ್ದಿರುವ ಕುರುವಿನ ಮೇಲೆ. ಆರನೆಯದು ಏಳುತ್ತದೋ ಇಲ್ಲವೋ ಎಂಬುದು, ಕುರು ಇಲ್ಲದ ದಿನಗಳಲ್ಲಿ ನೀವು ರೆಪ್ಪೆಯನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಆ ದಿನಗಳ ಬಗ್ಗೆ.

ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಹಿಡಿದು ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ನೋಡಿ. ಮುಂದೆ ರೆಪ್ಪೆಗೂದಲಿನ ಸಾಲು. ಅದರ ಹಿಂದೆ, ಕಣ್ಣಿಗೆ ತಾಗುವ ಕಡೆ, ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳ ಇನ್ನೊಂದು ಸಾಲು. ಆ ಚುಕ್ಕಿಗಳು ಮೈಬೋಮಿಯನ್ ಗ್ರಂಥಿಗಳ ಬಾಯಿ. ಜರ್ಮನಿಯ ವೈದ್ಯ ಹೈನ್ರಿಚ್ ಮೈಬೋಮ್ 1666ರಲ್ಲಿ ಇವನ್ನು ವಿವರಿಸಿದ್ದರಿಂದ ಆ ಹೆಸರು ಬಂತು. ಮೇಲ್ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30 ಇಂಥ ಗ್ರಂಥಿಗಳು ಕೊಳವೆಗಳಂತೆ ಸಾಲಾಗಿ ನಿಂತಿವೆ. ಇವು ಒಂದು ಬಗೆಯ ಎಣ್ಣೆಯನ್ನು ತಯಾರಿಸುತ್ತವೆ. ನಾವು ರೆಪ್ಪೆ ಮಿಟುಕಿಸಿದಾಗಲೆಲ್ಲ ಒಂದಿಷ್ಟು ಎಣ್ಣೆ ಹೊರಬಂದು ಕಣ್ಣೀರಿನ ಮೇಲೆ ತೆಳ್ಳಗೆ ಹರಡಿ, ನೀರು ಬೇಗ ಆರದಂತೆ ಕಾಯುತ್ತದೆ. ರೆಪ್ಪೆಗೂದಲಿನ ಬುಡದಲ್ಲೂ ಸಣ್ಣ ಗ್ರಂಥಿಗಳಿವೆ. ಎಣ್ಣೆಯದಕ್ಕೆ ಝೈಸ್ ಗ್ರಂಥಿ, ಬೆವರಿನದಕ್ಕೆ ಮೋಲ್ ಗ್ರಂಥಿ ಎಂದು ಹೆಸರು.

ಆರೋಗ್ಯವಾಗಿರುವಾಗ ಈ ಎಣ್ಣೆ ಕಾಸಿದ ಕೊಬ್ಬರಿ ಎಣ್ಣೆಯಂತೆ ತಿಳಿಯಾಗಿರುತ್ತದೆ. ಕೆಟ್ಟಾಗ ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಗಟ್ಟಿಯಾಗುತ್ತದೆ, ಕೆಲವರಲ್ಲಿ ಟೂತ್‌ಪೇಸ್ಟಿನಷ್ಟು. ಬಾಯಿ ಕಟ್ಟಿಕೊಳ್ಳುತ್ತದೆ, ಎಣ್ಣೆ ಒಳಗೇ ನಿಲ್ಲುತ್ತದೆ. ನಮ್ಮ ಚರ್ಮದ ಮೇಲೆ, ಮೂಗಿನೊಳಗೆ ಇರುವ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಸೇರಿ ಬೆಳೆದರೆ ಕೀವು ಕಟ್ಟುತ್ತದೆ. ಕುಟಿಕೆಯ ಬಹುಪಾಲು ಪ್ರಕರಣಗಳಿಗೆ ಇದೇ ಕಾರಣ. ಕೂದಲಿನ ಬುಡದಲ್ಲಾದರೆ ಹೊರಗಿನ ಕುಟಿಕೆ: ಅಂಚಿನಲ್ಲೇ ಕೆಂಪಾಗಿ, ಮೂರನೇ ನಾಲ್ಕನೇ ದಿನಕ್ಕೆ ಹಳದಿ ಮೊನೆ ಕಟ್ಟಿ, ತಾನೇ ಒಡೆಯುತ್ತದೆ. ಮೈಬೋಮಿಯನ್ ಗ್ರಂಥಿಯಲ್ಲಾದರೆ ಒಳಗಿನ ಕುಟಿಕೆ: ರೆಪ್ಪೆಯ ನಡುವೆ ಊತ, ನೋವು ಹೆಚ್ಚು, ಮೊನೆ ಕಾಣುವುದು ರೆಪ್ಪೆಯ ಒಳಮೈಯಲ್ಲಿ.

ನಿಮ್ಮಲ್ಲಿ ಉಳಿದಿರುವ ಗಂಟು ಕುಟಿಕೆಯಲ್ಲ ಅನ್ನಿಸುತ್ತದೆ. ನೋವಿಲ್ಲ, ಕೆಂಪಿಲ್ಲ, ಒತ್ತಿದರೆ ಗಟ್ಟಿ, ಎರಡು ತಿಂಗಳಾಗಿದೆ ಎಂದರೆ ಅದು ಬಹುಮಟ್ಟಿಗೆ ಕಲೇಜಿಯನ್. ಹೊರಬರಲಾಗದ ಎಣ್ಣೆ ಗ್ರಂಥಿಯಿಂದ ಸುತ್ತಲ ಮಾಂಸಕ್ಕೆ ಸೋರಿದಾಗ, ದೇಹ ಅದನ್ನು ಹೊರಗಿನ ವಸ್ತುವೆಂದು ತಿಳಿದು ಸುತ್ತ ಗೋಡೆ ಕಟ್ಟುತ್ತದೆ. ಅಲ್ಲಿ ಜೀವಂತ ಸೋಂಕಿಲ್ಲ. ಆದ್ದರಿಂದ ಬ್ಯಾಕ್ಟೀರಿಯಾ ಕೊಲ್ಲುವ ಮುಲಾಮನ್ನು ಎಷ್ಟು ಹಚ್ಚಿದರೂ ಅದು ಕರಗುವುದಿಲ್ಲ. ಇದರ ಬಗ್ಗೆ ಕೊನೆಯಲ್ಲಿ ಮತ್ತೆ ಹೇಳುತ್ತೇವೆ.

ಉಷ್ಣವೇ, ತಂಪೇ?

ಅಮ್ಮನ ಮಾತಿನಿಂದಲೇ ಶುರುಮಾಡೋಣ, ಏಕೆಂದರೆ ಚಿಕಿತ್ಸೆ ಅಡ್ಡದಾರಿ ಹಿಡಿಯುವುದು ಹೆಚ್ಚಾಗಿ ಇಲ್ಲೇ. ಉಷ್ಣದಿಂದ ಎದ್ದದ್ದು ಎಂದು ನಂಬಿದವರು ಸಹಜವಾಗಿ ತಂಪು ಮಾಡುತ್ತಾರೆ: ಐಸ್ ಇಡುತ್ತಾರೆ, ಗಂಧ ತೇಯ್ದು ಹಚ್ಚುತ್ತಾರೆ, ನೆತ್ತಿಗೆ ಹರಳೆಣ್ಣೆ ಒತ್ತುತ್ತಾರೆ. ಎಳನೀರು, ಮಜ್ಜಿಗೆ ಕುಡಿಯುವುದರಿಂದ ಯಾವ ಕೆಡುಕೂ ಇಲ್ಲ, ಧಾರಾಳವಾಗಿ ಕುಡಿಯಿರಿ. ಆದರೆ ರೆಪ್ಪೆಗೆ ತಂಪು ಬೇಡ. ಗಟ್ಟಿಯಾದ ಎಣ್ಣೆಯಿಂದ ಕಟ್ಟಿಕೊಂಡ ಕೊಳವೆಗೆ ತಂಪು ತಾಗಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬೆರಳನ್ನು ಅಂಗೈಗೆ ತಿಕ್ಕಿ ಬಿಸಿ ಮಾಡಿ ರೆಪ್ಪೆಗೆ ಒತ್ತುವುದನ್ನು ನಮ್ಮ ಹಿರಿಯರೇ ಕಲಿಸಿದ್ದಾರಲ್ಲ? ಶಾಖ ಬೇಕೆಂಬ ಅವರ ಅಂದಾಜು ಸರಿ. ಕೊರತೆ ಎರಡೇ: ಬೆರಳಿನ ಬಿಸಿ ನಾಲ್ಕು ಸೆಕೆಂಡಿನಲ್ಲಿ ಆರುತ್ತದೆ, ಬೆರಳು ಸ್ವಚ್ಛವಾಗಿರುವುದು ಅಪರೂಪ.

ಬೇಸಿಗೆಯಲ್ಲಿ ಕುಟಿಕೆ ಹೆಚ್ಚು ಎಂಬ ಅನುಭವ ನಿಮ್ಮ ಮನೆಯವರಿಗೆ ಇದ್ದರೆ, ಅದಕ್ಕೆ ಬೆವರು, ಧೂಳು, ಕಣ್ಣುಜ್ಜುವ ಕೈ ಇವು ಸಾಕಷ್ಟು ಕಾರಣ.

ಶಾಖ ಕೊಡುವ ಸರಿಯಾದ ಬಗೆ

‘ಬಿಸಿಬಟ್ಟೆ ಇಟ್ಟೆ, ಏನೂ ಆಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಎರಡು ನಿಮಿಷ ಇಟ್ಟಿರುತ್ತಾರೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಎರಡು ನಿಮಿಷದೊಳಗೆ ಉಗುರುಬೆಚ್ಚಗಾಗಿಬಿಡುತ್ತದೆ. ಒಳಗಿನ ಎಣ್ಣೆ ಕರಗಲು ರೆಪ್ಪೆಯ ಒಳಮೈಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕಾವು ತಲುಪಬೇಕು ಮತ್ತು ಅದು ಕೆಲವು ನಿಮಿಷ ನಿಲ್ಲಬೇಕು. ಹಾಗಾಗಿ ಒಂದು ಬಟ್ಟೆ ಸಾಲದು. ಅಂಗೈಯಗಲಕ್ಕೆ ಮಡಚಿದ ಎರಡು ಸ್ವಚ್ಛ ಹತ್ತಿ ಬಟ್ಟೆ ಇಟ್ಟುಕೊಳ್ಳಿ. ಮುಚ್ಚಳವಿರುವ ಪಾತ್ರೆಯಲ್ಲೋ ಫ್ಲಾಸ್ಕಿನಲ್ಲೋ ಬಿಸಿನೀರು ಇರಲಿ. ಒಂದು ಬಟ್ಟೆ ಮುಚ್ಚಿದ ಕಣ್ಣಿನ ಮೇಲಿರುವಾಗ ಇನ್ನೊಂದು ನೀರಿನಲ್ಲಿರಲಿ. ಒಂದೂವರೆ, ಎರಡು ನಿಮಿಷಕ್ಕೊಮ್ಮೆ ಬದಲಿಸುತ್ತ ಒಟ್ಟು 10 ನಿಮಿಷ. ಪ್ರತಿ ಸಲ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ. ಅಲ್ಲಿ ಹಿತವಾಗಿ ಬಿಸಿ ಅನ್ನಿಸಬೇಕು, ಚುರುಗುಟ್ಟಬಾರದು. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳುವಾದದ್ದು, 45 ಡಿಗ್ರಿ ದಾಟಿದರೆ ಸುಡುವ ಅಪಾಯವಿದೆ.

ಬಟ್ಟೆ ಬದಲಿಸುವ ತಾಪತ್ರಯ ಬೇಡವಾದರೆ ಅಕ್ಕಿ ಗಂಟು ಒಳ್ಳೆಯದು. ತೊಳೆದು ಒಣಗಿಸಿದ ಹತ್ತಿ ಕಾಲುಚೀಲಕ್ಕೆ ಸುಮಾರು 100 ಗ್ರಾಂ ಹಸಿ ಅಕ್ಕಿ ಹಾಕಿ, ಸಡಿಲವಾಗಿ ಗಂಟು ಕಟ್ಟಿ, ಮೈಕ್ರೋವೇವಿನಲ್ಲಿ 20ರಿಂದ 30 ಸೆಕೆಂಡು ಬಿಸಿ ಮಾಡಿ. ಮೈಕ್ರೋವೇವ್ ಇಲ್ಲದಿದ್ದರೆ ಅಕ್ಕಿಯನ್ನು ಮಾತ್ರ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಚೀಲಕ್ಕೆ ಹಾಕಬಹುದು. ಆದರೆ ಬಾಣಲೆಯ ಅಕ್ಕಿಯಲ್ಲಿ ಕೆಲವು ಕಾಳು ಹೆಚ್ಚು ಕಾದಿರುತ್ತವೆ. ಚೀಲವನ್ನು ಚೆನ್ನಾಗಿ ಕುಲುಕಿ, ಒಂದು ನಿಮಿಷ ಬಿಟ್ಟು, ಮಣಿಕಟ್ಟಿಗೆ ತಾಗಿಸಿ ನೋಡಿದ ಮೇಲೆಯೇ ಕಣ್ಣಿಗೆ. ಚೀಲವನ್ನು ಒತ್ತಬೇಡಿ, ಅದರ ಭಾರವೇ ಸಾಕು. ಶೀತಕ್ಕೆ ಮಾಡುವಂತೆ ಬಿಸಿನೀರಿನ ಪಾತ್ರೆಗೆ ಮುಖವೊಡ್ಡಿ ಹಬೆ ತೆಗೆದುಕೊಳ್ಳುವುದು ಇದಕ್ಕೆ ಬದಲಿಯಲ್ಲ. ಪಾತ್ರೆ ಮಗುಚಿ ಮುಖ, ಎದೆ ಸುಟ್ಟುಕೊಳ್ಳುವ ಅಪಾಯವೂ ಇದೆ. ಮಕ್ಕಳಿಗಂತೂ ಬೇಡವೇ ಬೇಡ.

ಕುಟಿಕೆ ಎದ್ದಿರುವಾಗ ದಿನಕ್ಕೆ ಮೂರು ನಾಲ್ಕು ಸಲ ಶಾಖ. ಕುಟಿಕೆ ಇಲ್ಲದಿರುವಾಗ ಮೊದಲ ಆರು ವಾರ ದಿನಕ್ಕೆ ಎರಡು ಸಲ, ಆಮೇಲೆ ದಿನಕ್ಕೊಮ್ಮೆ. ಎರಡೂ ಕಣ್ಣಿಗೆ ಕೊಡಿ. ಎಡಗಣ್ಣಿಗೂ ಎರಡು ಸಲ ಬಂದಿದೆ ಎಂದರೆ ಅಲ್ಲಿನ ಗ್ರಂಥಿಗಳೂ ಇದೇ ಹಾದಿಯಲ್ಲಿವೆ.

ಶಾಖ ಮುಗಿದ ಕೂಡಲೇ, ಎಣ್ಣೆ ಕರಗಿರುವಾಗಲೇ, ನೀವಬೇಕು. ಕೈ ಸೋಪಿನಿಂದ ತೊಳೆದಿರಲಿ, ಉಗುರು ಚಿಕ್ಕದಾಗಿರಲಿ. ಕಣ್ಣು ಮುಚ್ಚಿ, ತೋರುಬೆರಳ ತುದಿಯಿಂದ ಮೇಲ್ರೆಪ್ಪೆಯನ್ನು ಮೇಲಿನಿಂದ ಕೂದಲಿನ ಕಡೆಗೆ, ಕೆಳರೆಪ್ಪೆಯನ್ನು ಕೆಳಗಿನಿಂದ ಕೂದಲಿನ ಕಡೆಗೆ. ಮೂಗಿನ ಪಕ್ಕದಿಂದ ಕಿವಿಯ ಕಡೆ ಸ್ವಲ್ಪ ಸ್ವಲ್ಪವೇ ಸರಿಯುತ್ತ ಒಂದೊಂದು ರೆಪ್ಪೆಗೆ ಐದರಿಂದ ಹತ್ತು ಸಲ ಸಾಕು. ಒತ್ತಡ ಎಷ್ಟು ಎಂದರೆ, ಹಣ್ಣಾದ ಟೊಮೆಟೊ ಮೇಲೆ ಬೆರಳಾಡಿಸಿದರೆ ಅದು ನಜ್ಜಾಗಬಾರದು, ಅಷ್ಟು. ಕಣ್ಣುಗುಡ್ಡೆಯನ್ನು ಒಳಕ್ಕೆ ಅದುಮಬೇಡಿ. ಕೀವು ಕಟ್ಟಿ ನೋಯುತ್ತಿರುವ ಕುಟಿಕೆ ಇದ್ದಾಗ ಆ ರೆಪ್ಪೆಯನ್ನು ನೀವಲೂ ಬೇಡ, ಬರೀ ಶಾಖ ಸಾಕು.

ಹಿಸುಕುವುದನ್ನು ಏಕೆ ಇಷ್ಟು ಬೇಡವೆನ್ನುತ್ತೇವೆ? ಹಳದಿ ಮೊನೆ ಕಂಡಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ನಿಜ. ಆದರೆ ಹಿಸುಕಿದಾಗ ಕೀವು ಹೊರಗೆ ಎಷ್ಟು ಬರುತ್ತದೋ ಅಷ್ಟೇ ಸುಲಭವಾಗಿ ಒಳಗೂ ಹರಡಿ, ಇಡೀ ರೆಪ್ಪೆ ಊದಿಕೊಳ್ಳಬಹುದು. ಈ ಭಾಗದ ರಕ್ತನಾಳಗಳಿಗೆ ತಲೆಬುರುಡೆಯೊಳಗಿನ ನಾಳಗಳ ಜೊತೆ ಸಂಪರ್ಕವಿದೆ ಎಂಬುದನ್ನೂ ಮರೆಯಬಾರದು. ಕೀವು ಬೇಗ ಹೊರಬರಬೇಕಿದ್ದರೆ ವೈದ್ಯರು ಆ ಕುರುವಿನ ನಡುವಿನ ಒಂದು ರೆಪ್ಪೆಗೂದಲನ್ನು ಚಿಮಟದಿಂದ ಕೀಳುತ್ತಾರೆ, ಆ ರಂಧ್ರದಿಂದಲೇ ಕೀವು ಇಳಿಯುತ್ತದೆ. ಇದನ್ನು ಮನೆಯಲ್ಲಿ ಮಾಡಬೇಡಿ.

ರೆಪ್ಪೆಯ ಅಂಚು ತೊಳೆಯುವುದು

ಮುಖ ತೊಳೆಯುವಾಗ ನಾವು ಕಣ್ಣು ಬಿಗಿದು ಮುಚ್ಚುತ್ತೇವೆ, ಕೂದಲಿನ ಬುಡಕ್ಕೆ ನೀರು ಸರಿಯಾಗಿ ತಾಗುವುದೇ ಇಲ್ಲ. ಕುದಿಸಿ ಬೆಚ್ಚಗಾಗಿಸಿದ ಅರ್ಧ ಲೋಟ ನೀರಿಗೆ ಎರಡು ಮೂರು ಹನಿ ಬೇಬಿ ಶಾಂಪೂ ಹಾಕಿ ಕಲಸಿ. ಹತ್ತಿಯ ಉಂಡೆಯನ್ನೋ ಹತ್ತಿ ಸುತ್ತಿದ ಬಡ್ಸನ್ನೋ ಅದರಲ್ಲಿ ಅದ್ದಿ ಹಿಂಡಿ, ಕಣ್ಣು ಮುಚ್ಚಿ, ಕೂದಲಿನ ಬುಡದುದ್ದಕ್ಕೂ ಅಡ್ಡಡ್ಡವಾಗಿ ಹತ್ತು ಹದಿನೈದು ಸಲ ಒರೆಸಿ. ಕೆಳರೆಪ್ಪೆಗೂ ಹಾಗೇ. ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ. ಆಮೇಲೆ ಬರೀ ನೀರಿನಿಂದ ಒರೆಸಿ ತೆಗೆಯಿರಿ. ಶಾಂಪೂ ಉಳಿದರೆ ಕಣ್ಣು ಒಣಗಿ ಉರಿಯುತ್ತದೆ. ಬೇಬಿ ಶಾಂಪೂ ಕೆಲವರಿಗೆ ಒಗ್ಗುವುದಿಲ್ಲ. ಅಂಥವರು ರೆಪ್ಪೆಗೆಂದೇ ತಯಾರಿಸಿದ ಒರೆಸುವ ಕಾಗದವನ್ನೋ ನೊರೆಯನ್ನೋ ಬಳಸಬಹುದು, ದುಬಾರಿಯಾದರೂ ಕಣ್ಣಿಗೆ ಹಿತ. ದಿನಕ್ಕೊಮ್ಮೆ, ರಾತ್ರಿ ಮಲಗುವ ಮುಂಚೆ, ಶಾಖ ಮತ್ತು ನೀವುವಿಕೆಯ ನಂತರ. ಮೂರೂ ಸೇರಿ ಹದಿನೈದು ನಿಮಿಷದ ಕೆಲಸ.

ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು. ಜನ ಸಾಮಾನ್ಯವಾಗಿ ಹತ್ತನೇ ದಿನಕ್ಕೆ ಬಿಡುತ್ತಾರೆ.

ಕಾಡಿಗೆ

ನಿಮ್ಮ ಪತ್ರದಲ್ಲಿ ನಮ್ಮ ಗಮನ ಮೊದಲು ಹೋದದ್ದು ಇದರ ಮೇಲೆ. ಕಾಡಿಗೆಯನ್ನು ಕೂದಲಿನ ಹೊರಗೆ ಹಚ್ಚಿದರೆ ಒಂದು ಬಗೆ, ರೆಪ್ಪೆಯ ಒಳ ಅಂಚಿಗೆ ಎಳೆದರೆ ಇನ್ನೊಂದು. ನಮ್ಮಲ್ಲಿ ಹೆಚ್ಚಿನವರು ಎಳೆಯುವುದು ಒಳ ಅಂಚಿಗೇ. ಮೇಲೆ ಹೇಳಿದ ಆ ಚುಕ್ಕಿಗಳ ಸಾಲು ಇರುವುದು ಅಲ್ಲೇ! ಮೇಣ, ಎಣ್ಣೆ, ಮಸಿ ಕಲಸಿದ ಕಡ್ಡಿಯನ್ನು ದಿನಾ ಗ್ರಂಥಿಗಳ ಬಾಯಿಗೆ ಮೆತ್ತಿದಂತಾಗುತ್ತದೆ. ನೀರು ತಾಗಿದರೂ ಹೋಗುವುದಿಲ್ಲ ಎಂದು ಮಾರುವ ಕಾಡಿಗೆ ಇನ್ನೂ ಕಷ್ಟ. ನೀರಿಗೆ ಹೋಗದ್ದು ರಾತ್ರಿ ತೊಳೆದಾಗಲೂ ಹೋಗುವುದಿಲ್ಲ.

ಆರು ವಾರ ಪೂರ್ತಿ ನಿಲ್ಲಿಸಿ. ಈಗಿರುವ ಕಡ್ಡಿ, ಮಸ್ಕರಾ, ಲೈನರ್ ಎಲ್ಲವನ್ನೂ ಎಸೆಯಿರಿ. ಕುಟಿಕೆ ಇದ್ದಾಗ ಬಳಸಿದ ಕಡ್ಡಿಯ ತುದಿಯಲ್ಲಿ ಅದೇ ಬ್ಯಾಕ್ಟೀರಿಯಾ ಕೂತಿರುತ್ತದೆ. ಮತ್ತೆ ಶುರುಮಾಡುವುದಾದರೆ ಕೂದಲಿನ ಹೊರಸಾಲಿಗೆ ಮಾತ್ರ, ಮಲಗುವ ಮುಂಚೆ ಪೂರ್ತಿ ತೆಗೆದು. ಮಸ್ಕರಾ ತೆರೆದ ಮೂರು ತಿಂಗಳಿಗೆ ಬದಲಿಸಿ. ಅಕ್ಕತಂಗಿಯರು, ಗೆಳತಿಯರು ಒಂದೇ ಕಡ್ಡಿ ಹಂಚಿಕೊಳ್ಳುವುದು ಬೇಡ. ಮದುವೆಮನೆಯಲ್ಲಿ ಮೇಕಪ್ ಮಾಡುವವರು ಎಲ್ಲರಿಗೂ ಒಂದೇ ಕುಂಚ ಆಡಿಸುತ್ತಿದ್ದರೆ ನಿಮ್ಮದನ್ನು ನೀವೇ ಒಯ್ಯಿರಿ.

ಮನೆಯಲ್ಲಿ ಹರಳೆಣ್ಣೆ ದೀಪದ ಮಸಿಯಿಂದ ಮಾಡಿದ ಕಾಡಿಗೆ ಶುದ್ಧ ಅಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ರಾಸಾಯನಿಕ ಕಡಿಮೆ ಇರಬಹುದು. ಆದರೆ ಬಾಯಿ ಕಟ್ಟಿಸುವ ಕೆಲಸವನ್ನು ಅದೂ ಮಾಡುತ್ತದೆ, ಹಚ್ಚುವುದೂ ಬೆರಳಿನಿಂದಲೇ. ಕೂಸುಗಳ ಕಣ್ಣಿಗಂತೂ ಯಾವ ಕಾಡಿಗೆಯೂ ಬೇಡ, ದೃಷ್ಟಿಬೊಟ್ಟು ಕೆನ್ನೆಗಿರಲಿ. ಸುರ್ಮಾದಲ್ಲಿ ಸೀಸದ ಅಂಶ ಇರುವುದುಂಟು, ಅದನ್ನು ಯಾವ ವಯಸ್ಸಿನವರೂ ಕಣ್ಣಿಗೆ ಹಾಕಬಾರದು.

ಕಂಪ್ಯೂಟರ್ ಮತ್ತು ಕೈ

ಎಣ್ಣೆ ಹೊರಬರಲು ರೆಪ್ಪೆ ಪೂರ್ತಿ ಮುಚ್ಚಿ ತೆರೆಯಬೇಕು. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಮಿಟುಕಿಸುವವರು ಪರದೆ ನೋಡುವಾಗ ಅದರ ಅರ್ಧಕ್ಕೂ ಕಡಿಮೆ ಮಿಟುಕಿಸುತ್ತಾರೆ, ಮಿಟುಕಿಸಿದರೂ ಅರೆಬರೆ. ಗ್ರಂಥಿ ಖಾಲಿಯಾಗುವುದಿಲ್ಲ, ಕಣ್ಣು ಒಣಗುತ್ತದೆ, ಒಣಗಿದ ಕಣ್ಣನ್ನು ಕೈ ಉಜ್ಜುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ, ಕಣ್ಣು ಮೆಲ್ಲಗೆ ಮುಚ್ಚಿ ಎರಡು ಸೆಕೆಂಡು ಹಿಡಿದು ತೆರೆಯಿರಿ, ಐದಾರು ಸಲ. ಎಸಿ ಗಾಳಿ ನೇರವಾಗಿ ಮುಖಕ್ಕೆ ಬರುತ್ತಿದ್ದರೆ ಅದರ ದಿಕ್ಕು ಬದಲಿಸಿ. ಸ್ಕೂಟರಿನಲ್ಲಿ ಓಡಾಡುವವರಾದರೆ ಹೆಲ್ಮೆಟ್ಟಿನ ಗಾಜು ಇಳಿಸಿಯೇ ಇರಲಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕುಟಿಕೆ ಪೂರ್ತಿ ವಾಸಿಯಾಗುವವರೆಗೆ ಲೆನ್ಸ್ ಬಿಟ್ಟು ಕನ್ನಡಕಕ್ಕೆ ಬರಬೇಕು.

ಹಿಂದಿರುವ ಬೇರೆ ಕಾರಣಗಳು

ತಲೆಹೊಟ್ಟು ನೆತ್ತಿಗೆ ಸೀಮಿತವಲ್ಲ. ಹುಬ್ಬು, ರೆಪ್ಪೆ, ಮೂಗಿನ ಪಕ್ಕದ ಮಡಿಕೆಗಳಲ್ಲೂ ಅದೇ ತೊಂದರೆ ಇರುತ್ತದೆ. ಕೀಟೊಕೊನಜೋಲ್ 2% ಶಾಂಪೂವನ್ನು ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವಂತೆ, ನಾಲ್ಕು ವಾರ ಬಳಸಿ. ಕಣ್ಣಿಗೆ ಬೀಳದಂತೆ ತಲೆ ಹಿಂದಕ್ಕೆ ಬಾಗಿಸಿ ತೊಳೆಯಿರಿ. ಈ ಅವಧಿಯಲ್ಲಿ ರಾತ್ರಿಯಿಡೀ ತಲೆಗೆ ಎಣ್ಣೆ ಹಚ್ಚಿ ಮಲಗುವುದು ಬೇಡ, ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ. ದಿಂಬಿನ ಕವರನ್ನು ವಾರಕ್ಕೆ ಎರಡು ಸಲ ಬಿಸಿನೀರಿನಲ್ಲಿ ಒಗೆಯಿರಿ. ಮುಖ ಒರೆಸುವ ಟವೆಲ್ ನಿಮ್ಮದೇ ಬೇರೆ ಇರಲಿ. ಕುಟಿಕೆ ಇದ್ದವರನ್ನು ನೋಡಿದರೆ ಅಂಟುವುದಿಲ್ಲ, ಅವರ ಕೀವು ತಾಗಿದ ಬಟ್ಟೆಯಿಂದ ಬ್ಯಾಕ್ಟೀರಿಯಾ ದಾಟಬಹುದು.

ರೆಪ್ಪೆಗೂದಲಿನ ಬುಡಕ್ಕೆ ಸಣ್ಣ ಕಾಲರಿನಂತೆ ಸುತ್ತಿಕೊಂಡ ಬಿಳಿ ಹೊಟ್ಟು ಕಂಡರೆ, ಬೆಳಗಿನ ಹೊತ್ತು ರೆಪ್ಪೆ ತುರಿಸಿದರೆ ಡೆಮೊಡೆಕ್ಸ್ ಎಂಬ ಹುಳದ ಶಂಕೆ ಇರಬೇಕು. ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ, ಬರಿಗಣ್ಣಿಗೆ ಕಾಣದ ಜೀವಿ ಅದು. ವಯಸ್ಸಾದಂತೆ ಹೆಚ್ಚಿನವರ ಚರ್ಮದಲ್ಲಿ ಇದ್ದೇ ಇರುತ್ತದೆ, ಸಂಖ್ಯೆ ಮಿತಿಮೀರಿದಾಗ ತೊಂದರೆ. ಇದಕ್ಕೆ ಬೇಬಿ ಶಾಂಪೂ ಸಾಲದು. ಟೀ ಟ್ರೀ ಎಣ್ಣೆಯ ಅಂಶವಿರುವ, ರೆಪ್ಪೆಗೆಂದೇ ತಯಾರಾದ ಒರೆಸುವ ಕಾಗದಗಳಿವೆ. ಅಂಗಡಿಯ ಟೀ ಟ್ರೀ ಎಣ್ಣೆಯನ್ನು ನೇರವಾಗಿ ಹಚ್ಚಿದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಸುಡುತ್ತದೆ, ಆ ಪ್ರಯೋಗಕ್ಕೆ ಹೋಗಬೇಡಿ. ಈ ಹುಳಕ್ಕೆಂದೇ ಲೋಟಿಲಾನರ್ ಎಂಬ ಹನಿ ಔಷಧಿಗೆ ಅಮೆರಿಕದಲ್ಲಿ 2023ರ ಜುಲೈನಲ್ಲಿ ಅನುಮತಿ ಸಿಕ್ಕಿದೆ. ಅಲ್ಲಿ ನೆಲೆಸಿರುವ ಓದುಗರು ತಮ್ಮ ವೈದ್ಯರನ್ನು ಕೇಳಬಹುದು.

ಸಕ್ಕರೆ ಕಾಯಿಲೆಯ ಮಾತು ಹೇಳಿದವರು ತಪ್ಪು ಹೇಳಲಿಲ್ಲ. ಒಂದು ಕುಟಿಕೆ ಎದ್ದ ಮಾತ್ರಕ್ಕೆ ಪರೀಕ್ಷೆ ಬೇಕಿಲ್ಲ. ಆದರೆ ವರ್ಷಕ್ಕೆ ಮೂರು ನಾಲ್ಕು ಸಲ ಏಳುತ್ತಿದ್ದರೆ, ಮೈಮೇಲೆ ಬೇರೆ ಕಡೆಯೂ ಕುರು ಏಳುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ, ಖಾಲಿಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಎರಡನ್ನೂ ಮಾಡಿಸಿ. ಖಾಲಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ಅದು ಸಕ್ಕರೆ ಕಾಯಿಲೆಯ ಮಟ್ಟ. ಕನ್ನಡಕದ ವಿಷಯ ಸ್ವಲ್ಪ ಬೇರೆ. ದೃಷ್ಟಿದೋಷ ನೇರವಾಗಿ ಕೀವು ಕಟ್ಟಿಸುವುದಿಲ್ಲ. ಕಣ್ಣು ದಣಿದು ಪದೇಪದೇ ಉಜ್ಜುವುದರಿಂದ ದಾರಿ ಮಾಡಿಕೊಡುತ್ತದೆ. ಶಾಲೆಯ ಮಕ್ಕಳಲ್ಲಿ ಕುಟಿಕೆ ಮರುಕಳಿಸಿದರೆ ಕಣ್ಣು ಪರೀಕ್ಷೆ ಮಾಡಿಸಲೇಬೇಕು.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಬೇಕು. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಸ್ಟೆಫೈಲೊಕಾಕಸ್ ಆರಿಯಸ್ ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಮೂಗಿಗೆ ಹೋದ ಬೆರಳು ಕಣ್ಣಿಗೆ ಬಂದರೆ ಅದೂ ಬರುತ್ತದೆ. ಉಳಿದೆಲ್ಲ ಮಾಡಿಯೂ ಕುಟಿಕೆ ನಿಲ್ಲದವರಿಗೆ ವೈದ್ಯರು ಮೂಗಿನೊಳಗೆ ಹಚ್ಚಲು ಮುಪಿರೊಸಿನ್ ಮುಲಾಮನ್ನು ದಿನಕ್ಕೆ ಎರಡು ಸಲದಂತೆ ಐದು ದಿನ ಕೊಡುವುದುಂಟು.

ಕೆನ್ನೆ, ಮೂಗು ಪದೇಪದೇ ಕೆಂಪಾಗುವ ರೊಸೇಶಿಯಾ ಇದ್ದವರಿಗೂ, ಗ್ರಂಥಿಗಳು ತೀರಾ ಕೆಟ್ಟವರಿಗೂ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೆಲವು ವಾರ ಕೊಡುತ್ತಾರೆ. ಅದು ಬ್ಯಾಕ್ಟೀರಿಯಾ ಕೊಲ್ಲುವುದಕ್ಕಿಂತ ಹೆಚ್ಚಾಗಿ ಉರಿಯೂತ ತಗ್ಗಿಸಿ ಎಣ್ಣೆಯ ಗುಣ ಸುಧಾರಿಸಲಿ ಎಂದು. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಅದು ಸಲ್ಲದು. ತುಂಬು ಲೋಟ ನೀರಿನೊಂದಿಗೆ ನುಂಗಬೇಕು, ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕಣ್ಣಿನ ವೈದ್ಯರಿಗೆ ಹೇಳಿ. ಅದು ಮುಖದ ಎಣ್ಣೆ ಗ್ರಂಥಿಗಳ ಜೊತೆ ರೆಪ್ಪೆಯವನ್ನೂ ಒಣಗಿಸುತ್ತದೆ.

ಮುಲಾಮಿನ ಟ್ಯೂಬ್ ತಿರುಗಿಸಿ ಓದಿ

ನಿಮ್ಮ ಪತ್ರದಲ್ಲಿ ನಮಗೆ ಕಳವಳ ಮೂಡಿಸಿದ ಮಾತು ‘ಮೆಡಿಕಲ್ ಶಾಪಿನಿಂದ ಮುಲಾಮು ತಂದು’ ಎಂಬುದು. ಕುಟಿಕೆ ಎಂದು ಕೇಳಿದರೆ ಕೊಡುವ ಹಲವು ಮುಲಾಮು, ಹನಿಗಳಲ್ಲಿ ಆ್ಯಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಟ್ಯೂಬಿನ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಫ್ಲೂರೊಮೆಥೊಲೋನ್, ಲೋಟೆಪ್ರೆಡ್ನಾಲ್ ಎಂಬ ಯಾವುದಾದರೂ ಹೆಸರಿದ್ದರೆ ಅದು ಸ್ಟೀರಾಯ್ಡ್. ಕೆಂಪು ಒಂದೇ ದಿನಕ್ಕೆ ಇಳಿಯುವುದರಿಂದ ಒಳ್ಳೆಯ ಮದ್ದು ಅನ್ನಿಸಿಬಿಡುತ್ತದೆ. ವೈದ್ಯರ ನಿಗಾ ಇಲ್ಲದೆ ಮತ್ತೆ ಮತ್ತೆ ಬಳಸಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು, ಕಾರ್ನಿಯಾದಲ್ಲಿ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ, ಶಿಲೀಂಧ್ರದ ಅಥವಾ ಹರ್ಪಿಸ್ ಸೋಂಕಿದ್ದರೆ ಅದು ಭೀಕರವಾಗಬಹುದು. ಒತ್ತಡ ಏರಿದ್ದು ನೋವಿಲ್ಲದೆ ನರವನ್ನು ತಿನ್ನುತ್ತದೆ. ಐದು ಸಲ ಏನು ಹಚ್ಚಿದಿರಿ ಎಂದು ಹಳೆಯ ಟ್ಯೂಬ್ ಹುಡುಕಿ ನೋಡಿ. ಸ್ಟೀರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಅಳೆಸಿಕೊಳ್ಳಿ.

ಸಾಮಾನ್ಯ ಹೊರಗಿನ ಕುಟಿಕೆಗೆ ಎಷ್ಟೋ ಸಲ ಮುಲಾಮೇ ಬೇಕಿಲ್ಲ, ಶಾಖದಲ್ಲೇ ವಾರ ಹತ್ತು ದಿನಕ್ಕೆ ಇಳಿಯುತ್ತದೆ. ಮನೆಮದ್ದುಗಳಲ್ಲಿ ಬೆಳ್ಳುಳ್ಳಿ ರಸ, ಲವಂಗ ತೇಯ್ದದ್ದು, ಸುಣ್ಣ ಇವು ರೆಪ್ಪೆಯನ್ನೂ ಕಾರ್ನಿಯಾವನ್ನೂ ಸುಡುತ್ತವೆ. ನಂದಿಬಟ್ಟಲ ಹೂವಿನ ರಸ, ಎದೆಹಾಲು ಕಣ್ಣಿಗೆ ಹಾಕುವುದರಿಂದ ಹೊಸ ಸೂಕ್ಷ್ಮಾಣು ಸೇರುತ್ತದೆಯೇ ಹೊರತು ಕಟ್ಟಿದ ಬಾಯಿ ಬಿಡುವುದಿಲ್ಲ. ಮೀನೆಣ್ಣೆ ಮಾತ್ರೆಯ ಬಗ್ಗೆಯೂ ಒಂದು ಮಾತು: ಒಣಗಣ್ಣಿನವರ ಮೇಲೆ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದು ಆಲಿವ್ ಎಣ್ಣೆಯ ಮಾತ್ರೆಗಿಂತ ಹೆಚ್ಚಿನ ಫಲ ಕೊಡಲಿಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ.

ಕಾಯದೆ ಹೋಗಬೇಕಾದದ್ದು

ಶಾಖ ಕೊಟ್ಟರೂ ಎರಡು ದಿನದಲ್ಲಿ ಊತ ಏರುತ್ತಲೇ ಇದ್ದರೆ, ಕೆಂಪು ರೆಪ್ಪೆ ದಾಟಿ ಕೆನ್ನೆಗೆ ಹರಡಿದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಜ್ವರ, ಕಣ್ಣು ಹೊರಳಿಸಿದರೆ ನೋವು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಕಣ್ಣುಗುಡ್ಡೆ ಮುಂದೆ ಬಂದಂತೆ ಕಾಣುವುದು, ಇವುಗಳಲ್ಲಿ ಒಂದಿದ್ದರೂ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ. ಸೋಂಕು ಕಣ್ಣಿನ ಹಿಂದಕ್ಕೆ ಇಳಿದಿರುವ ಲಕ್ಷಣ ಅದು. ಮಕ್ಕಳಲ್ಲಿ ಇದು ಗಂಟೆಗಳ ಲೆಕ್ಕದಲ್ಲಿ ಹೆಚ್ಚುತ್ತದೆ.

ನಿಮ್ಮ ವಯಸ್ಸಿಗೆ ಸಂಬಂಧಿಸದಿದ್ದರೂ ಮನೆಯ ಹಿರಿಯರಿಗಾಗಿ ಇದನ್ನು ಓದಿ. ಐವತ್ತು ದಾಟಿದವರಲ್ಲಿ ಗಂಟು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ, ಅಲ್ಲಿನ ರೆಪ್ಪೆಗೂದಲು ಉದುರಿದ್ದರೆ, ಅಂಚು ದಪ್ಪವಾಗಿ ಹಳದಿ ಬಣ್ಣಕ್ಕೆ ತಿರುಗಿದ್ದರೆ, ಅದು ಎಣ್ಣೆ ಗ್ರಂಥಿಯ ಕ್ಯಾನ್ಸರ್ ಇರಬಹುದು. ಪಾಶ್ಚಾತ್ಯ ದೇಶಗಳಲ್ಲಿ ಅಪರೂಪವಾದ ಈ ಕ್ಯಾನ್ಸರ್, ಭಾರತದಲ್ಲಿ ರೆಪ್ಪೆಗೆ ಬರುವ ಕ್ಯಾನ್ಸರ್‌ಗಳ ಪೈಕಿ ಪ್ರಮುಖವಾದದ್ದು. ಕುಟಿಕೆಯ ವೇಷದಲ್ಲೇ ಬರುವುದರಿಂದ ತಿಂಗಳುಗಟ್ಟಲೆ ಮುಲಾಮಿನಲ್ಲಿ ಕಾಲ ಕಳೆದುಹೋಗುತ್ತದೆ. ಅಂಥ ಗಂಟನ್ನು ತೆಗೆದಾಗ ಬಯಾಪ್ಸಿಗೆ ಕಳಿಸಲೇಬೇಕು, ವೈದ್ಯರು ಮರೆತರೆ ನೀವು ಕೇಳಿ.

ಈಗ ನಿಮ್ಮ ಗಂಟಿಗೆ ಬರೋಣ. ಎರಡು ತಿಂಗಳು ಹಳೆಯದಾದರೂ ಸರಿಯಾದ ಶಾಖ, ನೀವುವಿಕೆ ಆಗಿಲ್ಲ. ನಾಲ್ಕರಿಂದ ಆರು ವಾರ ಮಾಡಿ ನೋಡಿ, ಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಕರಗದಿದ್ದರೆ ಎರಡು ದಾರಿ. ಒಂದು, ಗಂಟಿಗೆ ವೈದ್ಯರೇ ಕೊಡುವ ಟ್ರೈಆಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್. ನಮ್ಮ ಕಂದುಬಣ್ಣದ ಚರ್ಮದಲ್ಲಿ ಅದು ಬಿಳಿಮಚ್ಚೆ ಉಳಿಸುವುದುಂಟು, ಆದ್ದರಿಂದ ರೆಪ್ಪೆಯ ಒಳಗಡೆಯಿಂದ ಕೊಡುವಿರಾ ಎಂದು ಮೊದಲೇ ಕೇಳಿ. ಇನ್ನೊಂದು, ಸಣ್ಣ ಶಸ್ತ್ರಕ್ರಿಯೆ. ರೆಪ್ಪೆ ಮರಗಟ್ಟಿಸಿ, ಮಗುಚಿ, ಒಳಮೈಯಲ್ಲಿ ಗ್ರಂಥಿಯ ಉದ್ದಕ್ಕೆ ಕೊಯ್ದು ಒಳಗಿನದನ್ನು ಕೆರೆದು ತೆಗೆಯುತ್ತಾರೆ. ಅಡ್ಡ ಕೊಯ್ದರೆ ಪಕ್ಕದ ಆರೋಗ್ಯವಂತ ಗ್ರಂಥಿಗಳೂ ಕತ್ತರಿಸಿಹೋಗುತ್ತವೆ ಎಂದೇ ಹಾಗೆ. ಹತ್ತು ಹದಿನೈದು ನಿಮಿಷದ ಕೆಲಸ, ಹೊರಗೆ ಗಾಯದ ಗುರುತಿಲ್ಲ, ಹೊಲಿಗೆಯಿಲ್ಲ. ಕೆಲವು ಗಂಟೆ ಕಣ್ಣಿಗೆ ಪಟ್ಟಿ ಇರುತ್ತದೆ, ಆದ್ದರಿಂದ ಅಂದು ಗಾಡಿ ಓಡಿಸುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ತಿಳಿಸಿ. ಗಂಟು ರೆಪ್ಪೆಯ ನಡುವೆ ದೊಡ್ಡದಾಗಿ ಕಾರ್ನಿಯಾವನ್ನು ಒತ್ತುತ್ತಿದ್ದರೆ ದೃಷ್ಟಿ ಮಸುಕಾಗುತ್ತದೆ, ಆಗ ಆರು ವಾರ ಕಾಯಬೇಕಿಲ್ಲ.

ವೈದ್ಯರಲ್ಲಿಗೆ ಹೋಗುವ ದಿನ ಕಾಡಿಗೆ ಇಲ್ಲದೆ ಹೋಗಿ. ಐದು ಸಲವೂ ಕುಟಿಕೆ ಯಾವ ರೆಪ್ಪೆಯಲ್ಲಿ, ಯಾವ ಜಾಗದಲ್ಲಿ, ಯಾವ ತಿಂಗಳಲ್ಲಿ ಎದ್ದಿತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು, ಆಗ ತೆಗೆದ ಫೋಟೋ ಮೊಬೈಲಿನಲ್ಲಿದ್ದರೆ ಅದನ್ನೂ, ಹಚ್ಚಿದ ಮುಲಾಮಿನ ಟ್ಯೂಬುಗಳನ್ನೂ ಜೊತೆಗೆ ಒಯ್ಯಿರಿ.